ಕಲ್ಲುದೋಣಿಗೆ ನೀರು ಹಾಕಲಾಯಿತು

ಗೋಕಾಕದ ಶೆಟ್ಟೆವ್ವನಿಗೆ ಹಾವಸೆಯ ಮೇಲೆ ಸಿಟ್ಟಿರಲಿಲ್ಲ. ಸಿಟ್ಟು ಬರಬೇಕಾದರೂ ಒಂದಿಷ್ಟು ಬಿಡುವು ಬೇಕು. ಒಗೆಯುವ ಕಲ್ಲಿನ ಮೇಲೆ, ಹಂಡೆಯ ಕಂಠದಲ್ಲಿ, ಬಚ್ಚಲ ಮೂಲೆಯಲ್ಲಿ, ನೀರು ನಿಂತಲ್ಲೆಲ್ಲ ಹಸಿರಾಗಿ ಹಬ್ಬಿ ಕಾಲು ಜಾರಿಸುವ ಅದನ್ನು ಅವಳು ಹತ್ತು ವರ್ಷ ತಿಕ್ಕಿದ್ದಳು. ಅದೂ ಹತ್ತು ವರ್ಷ ಬೇಸರವಿಲ್ಲದೆ ಮತ್ತೆ ಬಂದಿತ್ತು.

1947ರ ಬೇಸಿಗೆಯಲ್ಲಿ ಕೌಜಲಗಿಯಿಂದ ಮದುವೆಯಾಗಿ ಬಂದಾಗ ಅವಳಿಗೆ ಹದಿನೇಳು. ಗಂಡ ಕೆಂಚಪ್ಪ ಗೋಕಾಕ ಫಾಲ್ಸಿನ ನೂಲಿನ ಗಿರಣಿಯಲ್ಲಿ ಕೆಲಸಕ್ಕಿದ್ದ. ಗಿರಣಿಯ ಭೋಂಗಾ ಕೂಗಿದಾಗ ಹೋಗುತ್ತಿದ್ದ, ಭೋಂಗಾ ಕೂಗಿದಾಗ ಬರುತ್ತಿದ್ದ. ಗಿರಣಿಯ ಸದ್ದಿನಲ್ಲಿ ಮಾತು ಕೇಳುವುದಿಲ್ಲವೆಂದು ಅಲ್ಲಿ ತಲೆ ಅಲ್ಲಾಡಿಸಿ ರೂಢಿಯಾಗಿ, ಮನೆಯಲ್ಲಿಯೂ ಅದನ್ನೇ ಮಾಡುತ್ತಿದ್ದ. ಮನೆ ನಡೆಸುತ್ತಿದ್ದವಳು ಅತ್ತೆ ಗುಡ್ಡವ್ವ. ಗುಡ್ಡವ್ವನ ಪ್ರಕಾರ ಮನೆತನದ ಮಾನವೆಲ್ಲ ಇದ್ದದ್ದು ತಾಮ್ರದ ಹಂಡೆಯಲ್ಲಿ. ಸೋಮವಾರ ಹುಣಸೆಹಣ್ಣು, ಗುರುವಾರ ಬೂದಿ ಹಚ್ಚಿ ತಿಕ್ಕಿದ ಮೇಲೆ ಹಂಡೆಯ ಹೊಟ್ಟೆಯಲ್ಲಿ ಅವಳಿಗೆ ತನ್ನ ಮೂಗು ಕಾಣಬೇಕು. ಕಾಣದಿದ್ದರೆ ಮತ್ತೊಮ್ಮೆ ತಿಕ್ಕಬೇಕು. ಗುಡ್ಡವ್ವನ ಮೂಗು ದೊಡ್ಡದಿದ್ದದ್ದು ಶೆಟ್ಟೆವ್ವನ ಪುಣ್ಯ.

ಹಿತ್ತಲಲ್ಲಿ ಎರಡು ಎಮ್ಮೆಗಳಿದ್ದವು. ಅವು ನೀರು ಕುಡಿಯಲು ಒಂದೇ ಕಲ್ಲಿನಲ್ಲಿ ಕೊರೆದ, ಮನುಷ್ಯ ಮಲಗಬಹುದಾದಷ್ಟು ಉದ್ದದ ಒಂದು ದೋಣಿ ಇತ್ತು. ಅದಕ್ಕೆ ಮುಂಜಾನೆ ಎಂಟು ಕೊಡ, ಸಂಜೆ ಎಂಟು ಕೊಡ ನೀರು ಬೇಕು. ಬಾವಿ ಓಣಿಯ ಕೊನೆಗೆ. ಮಳೆಗಾಲದಲ್ಲಿ ಕೂಡ ಎರಡು ಎಮ್ಮೆ ಕುಡಿಯುವಷ್ಟು ನೀರನ್ನು ಆಕಾಶ ತಾನಾಗಿ ದೋಣಿಗೆ ತುಂಬಿದ ನೆನಪು ಶೆಟ್ಟೆವ್ವನಿಗಿಲ್ಲ.

ಅವಳಿಗೆ ಬೇಕಾಗಿದ್ದದ್ದು ಒಂದೇ. ಶ್ರಾವಣದ ಪಂಚಮಿಗೆ ಐದು ದಿನ ತವರಿಗೆ ಹೋಗಬೇಕು, ಜೋಕಾಲಿ ಆಡಬೇಕು, ಯಾರೋ ಬಡಿಸಿದ್ದನ್ನು ಕುಳಿತು ಉಣ್ಣಬೇಕು. ಓಣಿಯ ಹೆಣ್ಣುಮಕ್ಕಳೆಲ್ಲ ಹೋಗುತ್ತಿದ್ದರು. ಅವಳು ಹೋದದ್ದು ಮದುವೆಯಾದ ವರ್ಷ ಮಾತ್ರ. ಆಮೇಲೆ ಒಂಬತ್ತು ವರ್ಷ ಅವಳ ಅಣ್ಣ ಸಾತಪ್ಪ ಕೌಜಲಗಿಯಿಂದ ಹಬ್ಬದ ಸಿಹಿ ಉಂಡಿಯ ಗಂಟು ಹೊತ್ತು ಕರೆಯಲು ಬಂದ. ಗುಡ್ಡವ್ವ ಒಮ್ಮೆಯೂ ಬೇಡವೆನ್ನಲಿಲ್ಲ. ಅಷ್ಟು ಕೆಟ್ಟವಳಲ್ಲ.

“ಕರಕೊಂಡ ಹೋಗಪಾ, ನಂದೇನೈತಿ. ಹಂಡೆ ತಿಕ್ಕವ್ರ ಯಾರು, ದೋಣಿ ತುಂಬಾವ್ರ ಯಾರು, ಅಷ್ಟ ಹೇಳಿ ಹೋಗ” ಎನ್ನುತ್ತಿದ್ದಳು.

ಈ ಪ್ರಶ್ನೆಗೆ ಸಾತಪ್ಪನಿಗೆ ಒಂಬತ್ತು ವರ್ಷದಲ್ಲಿ ಉತ್ತರ ಹೊಳೆಯಲಿಲ್ಲ. ಉಂಡಿ ಕೊಟ್ಟು, ಚಹಾ ಕುಡಿದು, ಒಬ್ಬನೇ ಬಸ್ಸು ಹತ್ತುತ್ತಿದ್ದ.

1957ರ ಹೋಳಿಯ ನಂತರ ಮೈದುನ ಮುರಿಗೆಪ್ಪ ಧಾರವಾಡದಿಂದ ಮನೆಗೆ ಬಂದ. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ಸೇರಿದ್ದ. ಸರಕಾರದ ವಿದ್ಯಾರ್ಥಿವೇತನವಿತ್ತು. ಒಂದು ಮರದ ಪೆಟ್ಟಿಗೆಯಲ್ಲಿ ಹಿತ್ತಾಳೆಯ ಸೂಕ್ಷ್ಮದರ್ಶಕ, ಇನ್ನೊಂದರಲ್ಲಿ ಅರಿವೆ ಸುತ್ತಿದ ನಾಲ್ವತ್ತು ಗಾಜಿನ ಬಾಟಲಿಗಳು. ಘಟಪ್ರಭೆಯ ದಂಡೆಯ ಪಾಚಿಗಳನ್ನು ಕೂಡಿಸಿ, ಬೆಳೆಸಿ, ಪ್ರಬಂಧ ಬರೆದರೆ ಅವನು ಡಾಕ್ಟರ್ ಆಗುತ್ತಾನೆ, ಕಾಲೇಜಿನಲ್ಲಿ ಕೆಲಸ ಸಿಗುತ್ತದೆ. ಪಾಚಿ ಎಂದರೇನೆಂದು ಗುಡ್ಡವ್ವ ಕೇಳಿದಳು. ಮುರಿಗೆಪ್ಪ ಹಿತ್ತಲಿಗೆ ಕರೆದೊಯ್ದು ತೋರಿಸಿದ.

“ಇದು ಹಾವಸಿ ಅಲ್ಲೇನೋ” ಎಂದಳು ಗುಡ್ಡವ್ವ. ಹದಿನೇಳು ವರ್ಷ ಸಾಲಿ ಕಲಿಸಿದ್ದು ಇದಕ್ಕೇನು ಎಂಬುದನ್ನು ಮುಖವೇ ಕೇಳಿತು. ನೀಲಿ ಹಸಿರು ಜಾತಿಯದು ಗಾಳಿಯಿಂದಲೇ ಸಾರ ತೆಗೆದು ನೆಲಕ್ಕೆ ಕೊಡುತ್ತದೆ, ಭತ್ತದ ಗದ್ದೆಗೆ ಅದು ಗೊಬ್ಬರವಿದ್ದಂತೆ, ದೇಶದೇಶಗಳಲ್ಲಿ ಇದರ ಅಭ್ಯಾಸ ನಡೆದಿದೆ ಎಂದು ಮಗ ವಿವರಿಸಿದ. ಗುಡ್ಡವ್ವ ಓಣಿಯಲ್ಲಿ ಮಾತ್ರ ಅವನು ನೀರಿನ ಶಾಸ್ತ್ರ ಓದುತ್ತಿದ್ದಾನೆ ಎಂದು ಹೇಳಿದಳು. ಆದರೆ ಬಾಜೂ ಮನೆಯ ಮದಿನಾಬಿಗೆ ನಿಜ ತಿಳಿಯಿತು. ಅವಳು ಗೋಡೆಯ ಮೇಲಿಂದ ಬಗ್ಗಿ, ಹಾವಸಿಗೆ ಡಾಕ್ಟರ್ ಬೇಕಾಗುವಷ್ಟು ಅದಕ್ಕೆ ಏನು ಜಡ್ಡಾಗಿದೆ ಎಂದು ಕಳವಳದಿಂದ ವಿಚಾರಿಸಿದಳು.

ಮುರಿಗೆಪ್ಪ ದಿನವೂ ಹೊಳೆಗೆ ಹೋಗಿ ಬಂದ. ಪಡಸಾಲೆಯ ಹಲಗೆಯ ಮೇಲೆ ನಾಲ್ವತ್ತು ಬಾಟಲಿ ಸಾಲಾಗಿ ನಿಂತು ಆರು ವಾರದಲ್ಲಿ ಹಸಿರೇರಿದವು. ಒಂದು ಸೋಮವಾರ ಅವನು ಹೊರಗೆ ಹೋದಾಗ ಗುಡ್ಡವ್ವನ ಕಣ್ಣು ಅತ್ತ ಬಿತ್ತು. ಶೆಟ್ಟೆವ್ವನನ್ನು ಕರೆದಳು. ಮಧ್ಯಾಹ್ನ ಮುರಿಗೆಪ್ಪ ಬಂದಾಗ ನಾಲ್ವತ್ತೂ ಬಾಟಲಿಗಳು ಅಂಗಳದ ಬಿಸಿಲಿನಲ್ಲಿ ಬೋರಲಾಗಿ ಫಳಫಳ ಹೊಳೆಯುತ್ತಿದ್ದವು. ಅವನು ಹಣೆಗೆ ಕೈ ಹಚ್ಚಿ ಹೊಸ್ತಿಲ ಮೇಲೆ ಕುಳಿತ. ಊಟಕ್ಕೆ ಏಳಲಿಲ್ಲ. ಇಷ್ಟು ಸ್ವಚ್ಛ ಮಾಡಿದ್ದಕ್ಕೆ ಯಾರಾದರೂ ಅಳುವುದನ್ನು ಶೆಟ್ಟೆವ್ವ ಮೊದಲ ಸಲ ನೋಡಿದಳು.

ಎರಡನೆಯ ಸಲ ಬಾಟಲಿ ತುಂಬಿದಾಗ ಅವನು ಪ್ರತಿಯೊಂದಕ್ಕೂ ಚೀಟಿ ಅಂಟಿಸಿದ. ಅಂಕಿ, ಸ್ಥಳ, ತಾರೀಖು, ತನ್ನ ಸಹಿ, ಮೇಲೆ ಧಾರವಾಡದಿಂದ ತಂದ ಮುದ್ರೆಯಿಂದ ಒತ್ತಿದ ದುಂಡನೆಯ ಶಿಕ್ಕೆ. ಮರುದಿನ ಗುಡ್ಡವ್ವ ಹಲಗೆಯ ಹತ್ತಿರ ಬಂದವಳು ಶಿಕ್ಕೆ ನೋಡಿ ಮೂರು ಹೆಜ್ಜೆ ಹಿಂದೆ ಸರಿದಳು.

ಅದಕ್ಕೆ ಕಾರಣವಿತ್ತು. ಯುದ್ಧದ ಕಾಲದಲ್ಲಿ ಸರಕಾರ ಲೆವ್ಹಿ ಎಂದು ಜೋಳ ವಸೂಲು ಮಾಡುತ್ತಿದ್ದಾಗ ಊರಿನ ಲೆಕ್ಕ ನೋಡುವ ತಲಾಟಿ ಬಂದು ಅವರ ಕಾಳಿನ ಕೋಣೆಯ ಬಾಗಿಲಿಗೆ ಇಂಥದೇ ಶಿಕ್ಕೆಯ ಚೀಟಿ ಅಂಟಿಸಿದ್ದ. ಹರಿದರೆ ಸೆರೆಮನೆ ಎಂದಿದ್ದ. ಒಳಗೆ ಜೋಳ ಇದ್ದೂ ಗುಡ್ಡವ್ವ ಹತ್ತೊಂಬತ್ತು ದಿನ ನೆರೆಯವರಲ್ಲಿ ಹಿಟ್ಟು ಇಸಿದುಕೊಂಡು ರೊಟ್ಟಿ ಮಾಡಿದ್ದಳು. ಅಂದಿನಿಂದ ದುಂಡನೆಯ ಶಿಕ್ಕೆ ಹೊತ್ತ ಕಾಗದವೆಂದರೆ ಅವಳ ಕೈ ತಾನೇ ಹಿಂದಕ್ಕೆ ಹೋಗುತ್ತಿತ್ತು.

ಅತ್ತೆ ಬಾಟಲಿಗಳ ಮುಂದೆ ಮೈ ಕುಗ್ಗಿಸಿಕೊಂಡು ಹಾಯುವುದನ್ನು ಶೆಟ್ಟೆವ್ವ ಎರಡು ದಿನ ನೋಡಿದಳು. ಮೂರನೆಯ ದಿನ ಮುರಿಗೆಪ್ಪನಿಗೆ ರೊಟ್ಟಿ ಬಡಿಸುತ್ತ, ನೀನು ಹೊಳೆಯತನಕ ಯಾಕೆ ಹೋಗುತ್ತೀ, ನಮ್ಮ ಮನೆಯಲ್ಲಿಯೇ ಐದು ಜಾತಿಯ ಹಾವಸೆ ಇದೆಯಲ್ಲ ಎಂದಳು. ಒಂದು ಕೂದಲಿನಂಥದು, ಒಂದು ಅಂಟಿನ ಉಂಡೆಯಂಥದು, ಒಂದು ಕರಿಯ ತೊಗಲಿನಂಥದು. ಮುರಿಗೆಪ್ಪ ಅರ್ಧ ರೊಟ್ಟಿ ಬಿಟ್ಟು ಎದ್ದ. ಕರಿಯದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ ಅವನು ಹಾಕಿದ ಕೂಗಿಗೆ ಎಮ್ಮೆಗಳು ಕಿವಿ ನಿಮಿರಿಸಿದವು. ಅವನು ಘಟಪ್ರಭೆಯುದ್ದಕ್ಕೂ ಹುಡುಕುತ್ತಿದ್ದ ನೀಲಿ ಹಸಿರು ಜಾತಿ ಅದು. ಕಲ್ಲುದೋಣಿಯ ಒಳಮೈಗೆ ಅಂಟಿಕೊಂಡು ಮನೆಯ ಹಿತ್ತಲಲ್ಲಿಯೇ ಇತ್ತು.

“ತಿಕ್ಕಬ್ಯಾಡ್ರಿ ವೈನಿ. ದೋಣಿ ಮಾತ್ರ ತಿಕ್ಕಬ್ಯಾಡ್ರಿ” ಎಂದ ಮುರಿಗೆಪ್ಪ.

ತಿಕ್ಕಬೇಡ ಎಂಬ ಮಾತನ್ನು ಆ ಮನೆಯಲ್ಲಿ ಅವಳಿಗೆ ಯಾರೂ ಹೇಳಿರಲಿಲ್ಲ. ಶೆಟ್ಟೆವ್ವ ಅವನಿಗೆ ಇನ್ನೊಮ್ಮೆ ಹೇಳಲು ಹೇಳಿದಳು. ಆಮೇಲೆ, ನನ್ನ ಮಾತು ಅತ್ತೆ ಕೇಳುವುದಿಲ್ಲ, ಒಂದು ಚೀಟಿ ಅಂಟಿಸು ಎಂದಳು.

ದೋಣಿಗೆ ಚೀಟಿ ಬಿತ್ತು. ಮುಂದಿನ ವಾರ ಒಗೆಯುವ ಕಲ್ಲಿನ ಬುಡಕ್ಕೆ, ಅದರ ಮುಂದಿನ ವಾರ ಬಚ್ಚಲ ಮೋರಿಗೆ. ಮುರಿಗೆಪ್ಪನ ಸಂಶೋಧನೆ ದಿನದಿನಕ್ಕೆ ಹಬ್ಬಿತು. ಮನೆಬಳಕೆಯ ನೀರಿನ ಪಾಚಿಗಳ ಮೇಲೆ ಬೇರೆಯೇ ಒಂದು ಅಧ್ಯಾಯ ಬರೆಯುವ ವಿಚಾರ ತನ್ನದೇ ಎಂದು ಅವನು ತಿಳಿದಿದ್ದ. ಅಧ್ಯಾಯದ ವಿಷಯಗಳು ಶೆಟ್ಟೆವ್ವನಿಗೆ ಸೊಂಟನೋವು ತರುವ ಕೆಲಸಗಳ ಕ್ರಮದಲ್ಲಿಯೇ ಬರುತ್ತಿರುವುದು ಅವನ ಗಮನಕ್ಕೆ ಬರಲಿಲ್ಲ. ಹಂಡೆಯ ಕಂಠದಲ್ಲಿ ಹಾವಸೆ ಸಿಕ್ಕಾಗ ಗುಡ್ಡವ್ವ ಎರಡು ದಿನ ಮಾತು ಬಿಟ್ಟಳು, ಆದರೆ ಶಿಕ್ಕೆ ಮುಟ್ಟಲಿಲ್ಲ. ರುಬ್ಬುವ ಒರಳಿನಲ್ಲಿ ಹಾವಸೆ ಇರಲಿಲ್ಲ. ಶೆಟ್ಟೆವ್ವ ಅದರಲ್ಲಿ ಒಂದು ವಾರ ನೀರು ನಿಲ್ಲಿಸಿ ಇರುವಂತೆ ಮಾಡಿದಳು. ಮದಿನಾಬಿ ಒಂದು ಮಧ್ಯಾಹ್ನ ಬಿಸಿ ಭಜಿ ತಂದುಕೊಟ್ಟು, ಹಾಳಾದ ಚೀಟಿ ಒಂದೆರಡು ಇದ್ದರೆ ಕೊಡು, ನಮ್ಮ ಮನೆಯ ನೀರಿನ ಹೌದಿಗೂ ಬೇಕು ಎಂದು ಮೆತ್ತಗೆ ಕೇಳಿ ಇಸಿದುಕೊಂಡು ಹೋದಳು.

ಉಳಿದ ಹೊತ್ತಿನಲ್ಲಿ ಶೆಟ್ಟೆವ್ವ ಮೊದಲು ನಿದ್ದೆ ಮಾಡಿದಳು. ನಾಲ್ಕು ದಿನ ಮಧ್ಯಾಹ್ನ ಮಲಗಿದರೂ ಮನೆ ಬೀಳಲಿಲ್ಲ. ಐದನೆಯ ದಿನ ನಿದ್ದೆ ಬಾರದೆ ದೋಣಿಯ ದಂಡೆಗೆ ಹೋಗಿ ಕುಳಿತು ಹಾವಸೆ ನೋಡಿದಳು. ಅದು ಏನು ಮಾಡುತ್ತದೆ ಎಂದು ಕೈಯಲ್ಲಿ ತೆಂಗಿನ ನಾರಿಲ್ಲದೆ ನೋಡಿದ್ದು ಆಗಲೇ.

ಆಷಾಢದ ಕೊನೆಗೆ ಮುರಿಗೆಪ್ಪನ ಗುರುಗಳಾದ ಪ್ರೊಫೆಸರರು ಧಾರವಾಡದಿಂದ ಕೆಲಸ ನೋಡಲು ಬಂದರು. ಕರಿಯ ಟೊಪ್ಪಿಗೆಯ ಹಿರಿಯ ಮನುಷ್ಯ. ಬಾಟಲಿಗಳನ್ನು ನೋಡಿ ಹುಂ ಅಂದರು, ದೋಣಿಯ ಮುಂದೆ ಮಾತ್ರ ಧೋತರ ಎತ್ತಿ ಕುಕ್ಕರುಗಾಲಿನಲ್ಲಿ ಕುಳಿತರು. ಈ ಜಾತಿ ತಳದಲ್ಲಿಯೇ ಇರುತ್ತದೋ, ಮೇಲೆ ಬರುತ್ತದೋ, ಬಂದರೆ ಎಷ್ಟು ಹೊತ್ತಿಗೆ ಎಂದು ಕೇಳಿದರು. ಮುರಿಗೆಪ್ಪ ವಹಿ ತೆರೆದ. ಹಾಳೆ ತಿರುವಿದ. ಮತ್ತೆ ತಿರುವಿದ. ಹಿತ್ತಲ ಬಾಗಿಲ ಹಿಂದಿನಿಂದ ಶೆಟ್ಟೆವ್ವನ ದನಿ ಬಂತು.

“ಬಿಸಲ ದೋಣಿ ದಂಡಿಗೆ ಬಂತಂದ್ರ ತಳಾ ಬಿಡತೈತ್ರಿ. ಮೈತುಂಬ ಗುಳ್ಳಿ ಹಿಡದ ಮ್ಯಾಲ ತೇಲತೈತಿ, ಸಂಜಿಕೆ ಮತ್ತ ತಳಕ್ಕ. ಮಧ್ಯಾಹ್ನ ತಿಕ್ಕಿದ್ರ ಕೈಗೆ ತ್ರಾಸ ಕಡಿಮಿ.”

ಪ್ರೊಫೆಸರರು ಬಾಗಿಲ ಕಡೆ ತಿರುಗಿ, ಇನ್ನೇನು ನೋಡಿದ್ದೀ ತಂಗಿ ಎಂದು ಕೇಳಿದರು. ಕರಿಯದನ್ನು ಮುದ್ದೆ ಮಾಡಿ ತಾಟಿನ ನೀರಿನಲ್ಲಿಟ್ಟರೆ ಮುಂಜಾನೆಯ ಹೊತ್ತಿಗೆ ಅದು ಕಾಲು ಚಾಚಿರುತ್ತದೆ, ತಾಟನ್ನು ತಿರುಗಿಸಿಟ್ಟರೆ ಅದೂ ತಿರುಗಿ ಕಿಡಕಿಯ ಬೆಳಕಿನ ಕಡೆಗೇ ಸರಿಯುತ್ತದೆ ಎಂದಳು. ಪ್ರೊಫೆಸರರು ಎದ್ದು ನಿಂತು ಶಿಷ್ಯನನ್ನು ನೋಡಿದ ನೋಟಕ್ಕೆ ಅವನು ವಹಿಯಿಂದ ಮುಖ ಮುಚ್ಚಿಕೊಂಡ.

ಹೋಗುವ ಮುಂಚೆ ಅವರು ಅಪ್ಪಣೆ ಕೊಟ್ಟರು. ಇಂದಿನಿಂದ ಇಪ್ಪತ್ತೈದು ದಿನ ದೋಣಿಯ ನೀರು ಕಲ್ಲಿನ ಮೇಲೆ ಎಳೆದ ಗೆರೆಗಿಂತ ಕೆಳಗೆ ಇಳಿಯಕೂಡದು. ಹಾವಸೆ ಎಷ್ಟು ಹೊತ್ತಿಗೆ ಎದ್ದಿತು, ಎಷ್ಟು ಹೊತ್ತಿಗೆ ಮುಳುಗಿತು, ದಿನವೂ ಬರೆಯಬೇಕು. ನೋಡುವ ಕೆಲಸ ಈ ತಂಗಿಯೇ ಮಾಡಲಿ, ಇವಳ ಕಣ್ಣು ಚೊಕ್ಕ ಇದೆ.

ಶೆಟ್ಟೆವ್ವ ಬೆರಳು ಮಡಚಿ ದಿನ ಎಣಿಸಿದಳು. ಪಂಚಮಿ ಸರಿಯಾಗಿ ನಡುವೆ ಬಂತು. ತಿಕ್ಕುವ ಕೆಲಸವನ್ನೆಲ್ಲ ಒಂದೊಂದಾಗಿ ಚೀಟಿಯ ಕೆಳಗೆ ಸೇರಿಸಿ, ಈ ವರ್ಷ ಅಣ್ಣ ಬಂದಾಗ ಅತ್ತೆಗೆ ಹೇಳಲು ದೋಣಿಯ ನೀರು ಬಿಟ್ಟು ಏನೂ ಉಳಿಯದಂತೆ ಮಾಡಿದ್ದಳು. ಈಗ ಹಾವಸೆಯೇ ಅವಳ ಸೆರಗು ಹಿಡಿದು ಕುಳಿತಿತು. ಗುಡ್ಡವ್ವನಿಗೆ ಎರಡು ತಿಂಗಳ ನಂತರ ನಗು ಬಂತು. ಸರಕಾರದ ಕೆಲಸ, ಬಿಟ್ಟು ಹೋಗಲು ಬರುವುದಿಲ್ಲ ಎಂದು ಓಣಿಗೆಲ್ಲ ಹೇಳಿಬಂದಳು.

ಪಂಚಮಿಗೆ ಎರಡು ದಿನ ಇರುವಾಗ ಮುರಿಗೆಪ್ಪ ಪಡಸಾಲೆಯಲ್ಲಿ ಕುಳಿತು ಧಾರವಾಡಕ್ಕೆ ಕಳಿಸುವ ವರದಿಯನ್ನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದ. ಅದರಲ್ಲಿ ಏನಿದೆ, ನನಗೂ ಹೇಳು ಎಂದಳು ಶೆಟ್ಟೆವ್ವ. ಅವಳ ತಲೆಯ ಮೇಲೆ ಸಂಜೆಯ ಆರನೆಯ ಕೊಡವಿತ್ತು. ಅವನು ಬೆರಳಿಟ್ಟು ಪುಸ್ತಕದ ಕನ್ನಡದಲ್ಲಿ ಹೇಳಿದ: ದಿನಾಲು ಎರಡು ಹೊತ್ತು ಕಲ್ಲುದೋಣಿಗೆ ನೀರು ಹಾಕಲಾಯಿತು.

“ಹಾಕಲಾಯಿತು ಅಂದ್ರ?”

“ಅಂದ್ರ, ಹಾಕಿದ್ರು.”

“ಯಾರ ಹಾಕಿದ್ರು?”

“ಯಾರಂತ ಬರಿಯೂದಿಲ್ರಿ ವೈನಿ. ಶಾಸ್ತ್ರದಾಗ ಮಾಡಿದವರ ಹೆಸರ ಇರೂದಿಲ್ಲ. ಕೆಲಸ ಆತು, ಅಷ್ಟ ಬರಿತಾರ.”

ಶೆಟ್ಟೆವ್ವ ತಲೆಯ ಮೇಲಿನ ಕೊಡ ಸರಿಮಾಡಿಕೊಂಡಳು.

“ಹಂಗಾರ ನಮ್ಮ ಮನ್ಯಾಗ ಹತ್ತ ವರ್ಷದಿಂದ ಶಾಸ್ತ್ರನ ನಡದೈತಿ ಬಿಡು” ಎಂದು ಹಿತ್ತಲಿಗೆ ಹೋದಳು.

ಮರುದಿನ ಸಾತಪ್ಪ ಬಂದ. ಉಂಡಿಯ ಗಂಟು ಇಳಿಸಿದ. ಚಹಾ ಬಂತು. ಗುಡ್ಡವ್ವ ಪದ್ಧತಿಯಂತೆ, ಕರಕೊಂಡು ಹೋಗು, ನನ್ನದೇನಿದೆ, ದೋಣಿ ತುಂಬುವವರು ಯಾರು ಎಂದಳು. ಸಾತಪ್ಪ ಬಸ್ಸಿನ ಹೊತ್ತು ನೋಡತೊಡಗಿದ. ಆಗ ಶೆಟ್ಟೆವ್ವ ಗಂಟು ಹಿಡಿದು ಒಳಗಿನಿಂದ ಬಂದಳು. ಸೀರೆ ಉಟ್ಟು ತಯಾರಾಗಿದ್ದಳು.

“ಅದು ಹಾಕಲಾಗತೈತ್ರಿ ಅತ್ತಿ. ಯಾರೂ ಬೇಕಾಗಿಲ್ಲ. ಕಾಗದದಾಗ ಬರದೈತಿ, ಶಿಕ್ಕೆ ಒತ್ಯಾರ, ಧಾರವಾಡಕ್ಕ ಹೋಗೈತಿ.”

ಗುಡ್ಡವ್ವ ಮಗನ ಕಡೆ ತಿರುಗಿ, ಹಾಗೆ ಬರೆದದ್ದು ಖರೆಯೇ ಎಂದು ಕೇಳಿದಳು. ಮುರಿಗೆಪ್ಪ ಬಾಯಿ ತೆರೆದ. ಸುಳ್ಳು ಎಂದರೆ ಪ್ರಬಂಧ ಸುಳ್ಳಾಗುತ್ತದೆ. ಖರೆ ಎಂದ. ಶಿಕ್ಕೆ ಹಾಕಿದ್ದು ಖರೆಯೇ? ಅದೂ ಖರೆ. ಕೆಲಸದಿಂದ ಆಗಷ್ಟೇ ಬಂದು ಬಾಗಿಲಲ್ಲಿ ನಿಂತಿದ್ದ ಕೆಂಚಪ್ಪ ತಲೆ ಅಲ್ಲಾಡಿಸಿದ. ಹೌದೆಂದೋ ಅಲ್ಲವೆಂದೋ ಯಾರಿಗೂ ತಿಳಿಯಲಿಲ್ಲ. ಶೆಟ್ಟೆವ್ವ ಹೌದೆಂದು ತೆಗೆದುಕೊಂಡು ಹೊಸ್ತಿಲು ದಾಟಿದಳು.

ಆ ಸಂಜೆ ನೀರು ತಾನಾಗಿ ಹಾಕಲಾಗಲಿಲ್ಲ. ಎಮ್ಮೆಗಳು ದೋಣಿಯನ್ನು ಗೆರೆಯ ಕೆಳಗೆ ಇಳಿಸಿ ಇನ್ನಷ್ಟು ಬೇಕೆಂದು ಕೂಗಿದವು. ಹಾವಸೆಯ ಮೇಲಂಚು ಗಾಳಿಗೆ ಒಣಗತೊಡಗಿತು. ಮುರಿಗೆಪ್ಪ ಕೊಡ ಎತ್ತಿದ. ಗಂಡಸು ಕೊಡ ಹೊತ್ತದ್ದನ್ನು ನೋಡಲು ಓಣಿಯ ಬಾಗಿಲುಗಳೆಲ್ಲ ತೆರೆದವು. ತಲೆಯ ಮೇಲೆ ನಿಲ್ಲದೆ ಹೆಗಲಿಗೇರಿಸಿದ, ಹೆಗಲ ಮೇಲೆ ನಿಲ್ಲದೆ ಅಪ್ಪಿಕೊಂಡ. ಎಂಟು ಕೊಡ ಹೊತ್ತು ಎಂಟರಲ್ಲಿ ಐದು ದೋಣಿಗೆ ಮುಟ್ಟಿಸಿದ, ಮೂರು ಅವನ ಅಂಗಿಗೆ ಹೋದವು. ಮದಿನಾಬಿ, ಡಾಕ್ಟರರಿಗೆ ಹಾದಿ ಬಿಡಿರಿ ಎಂದು ಬಾವಿಕಟ್ಟೆಯ ಮೇಲಿನ ಹೆಂಗಸರನ್ನು ಸರಿಸಿದಳು. ಎರಡನೆಯ ದಿನ ಗುಡ್ಡವ್ವ ಒಂದು ಚಿಕ್ಕ ಬಿಂದಿಗೆ ಹಿಡಿದು ಮಗನ ಹಿಂದೆ ಹೊರಟಳು. ಮೂರನೆಯ ದಿನ ಕೆಂಚಪ್ಪನೂ ಹೊರಟ. ಹಾವಸೆ ಎಷ್ಟು ಹೊತ್ತಿಗೆ ಎದ್ದಿತು, ಎಷ್ಟು ಹೊತ್ತಿಗೆ ಮುಳುಗಿತು ಎಂದು ನೋಡಲು ಮೂವರಲ್ಲಿ ಒಬ್ಬರಿಗೂ ಪುರಸೊತ್ತಾಗಲಿಲ್ಲ. ವಹಿಯ ಹಾಳೆ ಖಾಲಿ ಉಳಿಯಿತು.

ಅತ್ತ ಕೌಜಲಗಿಯಲ್ಲಿ ಶೆಟ್ಟೆವ್ವ ಬೇವಿನ ಮರದ ಜೋಕಾಲಿಯಲ್ಲಿ ಟೊಂಗೆಯ ಎಲೆ ಕಚ್ಚುವಷ್ಟು ಎತ್ತರಕ್ಕೆ ಜೀಕಿದಳು. ಕುಳಿತಲ್ಲಿ ಊಟ ಬಂತು. ಉಂಡ ತಾಟು ಕುಳಿತಲ್ಲಿಂದಲೇ ಹೋಯಿತು. ಎಣ್ಣೆ ಹಚ್ಚಿದರು, ಬಿಸಿನೀರು ಹಾಕಿದರು. ನಾಲ್ಕು ದಿನ ಇದನ್ನೆಲ್ಲ ಮಾಡುತ್ತಿದ್ದವರು ಯಾರೆಂದು ಅವಳು ಕೇಳಲಿಲ್ಲ. ಹತ್ತು ವರ್ಷದ ದಣಿವು ಅಷ್ಟಿತ್ತು.

ಐದನೆಯ ದಿನ ಹೊರಡಲು ಗಂಟು ಕಟ್ಟುವಾಗ ಹಿತ್ತಲಿನಿಂದ ಕಲ್ಲಿಗೆ ನಾರು ಉಜ್ಜುವ ಸದ್ದು ಬಂತು. ಆ ಸದ್ದು ಅವಳಿಗೆ ಸ್ವಂತ ಹೆಸರಿಗಿಂತ ಹೆಚ್ಚು ಪರಿಚಯ. ಹೋಗಿ ನೋಡಿದರೆ ಸಾತಪ್ಪನ ಹೆಂಡತಿ ಉದ್ದವ್ವ ಬಗ್ಗಿ ಅಲ್ಲಿನ ಕಲ್ಲುದೋಣಿ ತಿಕ್ಕುತ್ತಿದ್ದಳು. ಮೊಣಕಾಲತನಕ ಸೀರೆ ಎತ್ತಿ ಸಿಗಿಸಿದ್ದಳು, ಕೈತುಂಬ ಹಾವಸೆ. ಮೂಡಲಗಿಯ ಹೆಣ್ಣು. ಮದುವೆಯಾಗಿ ಆರು ವರ್ಷ.

ನೀನು ಪಂಚಮಿಗೆ ತವರಿಗೆ ಯಾವಾಗ ಹೋಗಿದ್ದೆ ಎಂದು ಶೆಟ್ಟೆವ್ವ ಕೇಳಿದಳು. ಉದ್ದವ್ವ ಬೆನ್ನು ನೆಟ್ಟಗೆ ಮಾಡಿ, ಇದೆಂಥ ಪ್ರಶ್ನೆ ಎನ್ನುವಂತೆ ನೋಡಿದಳು.

“ನಾ ಹೋದ್ರ ಮನಿ ಹೆಣ್ಣಮಕ್ಕಳು ಬಂದಾಗ ಇಲ್ಲಿ ಮಾಡಾವ್ರ ಯಾರ್ರಿ? ನೀವು ಇಷ್ಟ ವರ್ಷ ಬರಲಿಲ್ಲ ಖರೆ, ನಿಮ್ಮ ತಂಗಿ ಸಾತವ್ವಾರು ವರ್ಷಾ ಬರ್ತಾರ.”

ಶೆಟ್ಟೆವ್ವ ದೋಣಿಯ ದಂಡೆಯ ಮೇಲೆ ಕುಳಿತಳು. ನಾಲ್ಕು ದಿನದ ಊಟ, ಎಣ್ಣೆ, ಬಿಸಿನೀರು ಎಲ್ಲ ಬಂದದ್ದು ಈ ಕೈಯಿಂದ. ಒಂಬತ್ತು ವರ್ಷ ಸಾತಪ್ಪ ಗೋಕಾಕದ ಪಡಸಾಲೆಯಲ್ಲಿ ಕುಳಿತು ಆ ಒಂದು ಪ್ರಶ್ನೆಗೆ ಉತ್ತರ ಹೊಳೆಯದೆ ಚಹಾ ಕುಡಿದದ್ದು ಏಕೆಂದು ಈಗ ತಿಳಿಯಿತು. ತನ್ನ ಮನೆಯಲ್ಲೂ ಹೀಗೆಯೇ ನಡೆದಿರುವಾಗ ಅವನಿಗೆ ಅದು ಪ್ರಶ್ನೆ ಎಂದೇ ಅನಿಸಿರಲಿಲ್ಲ.

ಅವಳು ಗೋಕಾಕದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಮನೆಗೆ ಸುದ್ದಿ ಕಳಿಸಿದಳು: ಬರುವುದು ಇನ್ನೂ ಮೂರು ದಿನ ತಡ. ಸುದ್ದಿ ಮುಟ್ಟಿದಾಗ ಮುರಿಗೆಪ್ಪ ಬಾವಿಗೆ ಏಳನೆಯ ಸಲ ಹೊರಟಿದ್ದನಂತೆ. ಮುಂದೆ ಮೂರು ವರ್ಷಕ್ಕೆ ಅವನು ಡಾಕ್ಟರ್ ಆದ, ಕಾಲೇಜಿನ ಕೆಲಸವೂ ಸಿಕ್ಕಿತು. ಅವನ ಪ್ರಬಂಧದಲ್ಲಿ ಆ ಶ್ರಾವಣದ ಎಂಟು ದಿನಗಳ ಮಾಹಿತಿ ಇಲ್ಲ. ಕಾರಣವನ್ನು ಒಂದೇ ಸಾಲಿನಲ್ಲಿ ಬರೆದಿದ್ದಾನೆ: ಈ ದಿನಗಳಲ್ಲಿ ನೀರು ತಾನಾಗಿ ಹಾಕಲಾಗಲಿಲ್ಲ. ಮನೆಯ ಹೊರಗೆ ಅದು ಯಾರಿಗೂ ಅರ್ಥವಾಗುವಂತಿಲ್ಲ.

ಇತ್ತ, ಮೂರು ದಿನ ತವರಿಗೆ ಹೋಗಿ ಬಾ ಎಂದರೆ ಉದ್ದವ್ವ ಕೈ ತೊಳೆದುಕೊಳ್ಳಲು ಒಪ್ಪಲಿಲ್ಲ. ಹಬ್ಬ ಮುಗಿದ ಮೇಲೆ ಹೋದರೆ ಜನ ಏನೆಂದಾರು, ಮಧ್ಯಾಹ್ನದ ರೊಟ್ಟಿ ಇನ್ನೂ ಆಗಿಲ್ಲ, ಕರು ಕಟ್ಟಿಲ್ಲ ಎಂದಳು. ಶೆಟ್ಟೆವ್ವ ನಾರು ಕಸಿದುಕೊಂಡು, ಅವಳ ಸೆರಗು ಕೊಡವಿ, ತಾನು ತವರಿನಿಂದ ಒಯ್ಯಬೇಕಾಗಿದ್ದ ಉಂಡಿಯ ಗಂಟನ್ನು ಅವಳ ಕಂಕುಳಿಗೆ ತುರುಕಿ ಮೂಡಲಗಿಯ ಬಸ್ಸಿಗೆ ಹತ್ತಿಸಿದಳು. ಉದ್ದವ್ವ ಕಿಡಕಿಯಿಂದ ಹೊರಗೆ ತಲೆ ಹಾಕಿ ಸಾರಿಗೆ ಉಪ್ಪು ಹಾಕಿಲ್ಲ ಎಂದು ಕೂಗುತ್ತಲೇ ಹೋದಳು.

ಧೂಳು ಇಳಿದ ಮೇಲೆ ಸಾತಪ್ಪ ಮನೆಗೆ ಬಂದು ಅಡಿಗೆಮನೆಯಲ್ಲಿ ಇಣುಕಿ, ಜೋಳದ ಹಿಟ್ಟು ಎಲ್ಲಿರುತ್ತದೆ ಎಂದು ತಂಗಿಯನ್ನು ಕೇಳಿದ.

“ನನಗೇನ ಗೊತ್ತಣ್ಣಾ. ಮನಿ ನಿಂದು” ಎಂದಳು ಶೆಟ್ಟೆವ್ವ.